ಹುಡುಗನನ್ನು ನೋಡಿದ ಬೀದಿ

ರಿಗ್ಗೈ, ಕುವೈತ್
4 ಮೇ 2025

ಪ್ರೀತಿಯ ಬ್ರಿಜಿಟಕ್ಕನಿಗೆ,

ಇಪ್ಪತ್ತೆಂಟು ವರ್ಷ ನಮ್ಮ ಎದುರು ಬಾಗಿಲಲ್ಲಿದ್ದ ನೀವು, ಆಸ್ಪತ್ರೆಯ ಕೆಲಸ ಮುಗಿಯಿತು, ಇಲ್ಲಿರುವ ಪರವಾನಗಿ ಇಕಾಮಾವೂ ಮುಗಿಯಿತು ಎಂದು ಮಗಳ ಮನೆಗೆ ಹೊರಟುಹೋಗಿ ನಾಲ್ಕು ತಿಂಗಳಾಯಿತು. ಎದುರು ಬಾಗಿಲು ಸದ್ದಾದರೆ ಈಗಲೂ ನನ್ನ ಕೈ ಎರಡನೆಯ ಕಾಫಿ ಲೋಟಕ್ಕೆ ಹೋಗುತ್ತದೆ. ನಿಮ್ಮ ಮನೆಗೆ ಬಂದವರ ವಿಷಯ ಕೇಳಬೇಡಿ. ಕಸದ ಚೀಲವನ್ನು ಲಿಫ್ಟಿನ ಬಾಯಿಗೇ ತಂದು ಇಡುತ್ತಾರೆ. ಅದರಿಂದ ಸೋರಿದ ಕೊಳಕು ನೀರು ಎಲ್ಲರ ಚಪ್ಪಲಿಗೆ ಅಂಟಿ ನನ್ನ ಹೊಸ್ತಿಲವರೆಗೆ ಬರುತ್ತದೆ. ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ತೊಳೆದರೂ ಮೂಗಿನಿಂದ ವಾಸನೆ ಹೋಗುವುದಿಲ್ಲ.

ನಿಮ್ಮ ಜೋಸ್ವಿನ್ ಪ್ರತಿ ಶುಕ್ರವಾರ ಊಟಕ್ಕೆ ಬರುತ್ತಾನೆ. ಅಮ್ಮ ದೂರ ಹೋದರು ಎಂದು ಅವನಿಗೆ ಅನ್ನಿಸಬಾರದು. ಅವನೂ ನಮ್ಮ ಪಾವನಾಳೂ ಟೀವಿ ಮುಂದೆ ಕೂತು ಚಿಕ್ಕವರಿದ್ದಾಗಿನ ಹಾಗೆಯೇ ಜಗಳವಾಡುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಪಾವನಾಗೆ ಒಂದು ಸಂಬಂಧ ಬಂದಿದೆ. ಹುಡುಗನ ಹೆಸರು ಕುಶಾಲ್, ಮೈಸೂರಿನವರು. ಇಂಗ್ಲೆಂಡಿನಲ್ಲಿ ವಿಮಾ ಕಂಪನಿಯಲ್ಲಿ ಒಳ್ಳೆಯ ಹುದ್ದೆ. ಅವನ ಸೋದರಮಾವ ಇಲ್ಲೇ ಸಾಲ್ಮಿಯಾದಲ್ಲಿದ್ದಾರೆ, ನಮ್ಮವರ ಜೊತೆ ಕೆಲಸ ಮಾಡಿದವರು. ಪಾವನಾ ವಿಡಿಯೋ ಕಾಲ್‌ನಲ್ಲಿ ಮಾತಾಡಿದ್ದಾಳೆ. ಹೇಗೆ ಎಂದು ಕೇಳಿದರೆ ‘ಓಕೆ’ ಅನ್ನುತ್ತಾಳೆ, ಅದರ ಮೇಲೆ ಒಂದು ಮಾತಿಲ್ಲ. ಅವಳಿಗೆ ಮೂವತ್ತೊಂದಾಯಿತು. ಹಿಂದಿನ ಎರಡು ಸಂಬಂಧ ಮುರಿದದ್ದು ನಿಮಗೆ ಗೊತ್ತೇ ಇದೆ.

ವಿಡಿಯೋದಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಎದುರಿಗೆ ಕೂತಾಗ, ಇನ್ನೊಬ್ಬರ ಜೊತೆ ನಡೆದುಕೊಳ್ಳುವಾಗ ಮನುಷ್ಯ ಹೇಗೆ ಎಂದು ನೋಡುವ ಕಣ್ಣು ನಿಮ್ಮದು. ಅವನಿರುವ ಊರು ನಿಮ್ಮ ಸ್ವಿಂಡನ್‌ಗೆ ಕಾರಿನಲ್ಲಿ ಒಂದು ಗಂಟೆಯಂತೆ. ಬಂದು ನಿಮ್ಮನ್ನು ಕಾಣಲು ಹೇಳಿದ್ದೇನೆ. ನೋಡಿ ಬರೆಯಿರಿ. ಫೋನು ಬೇಡ, ನಮ್ಮವರು ಸ್ಪೀಕರ್ ಹಾಕಿ ಮನೆಗೆಲ್ಲ ಕೇಳಿಸುತ್ತಾರೆ. ಮೇಲ್ ಆದರೆ ನಾನೊಬ್ಬಳೇ ಓದುವುದು.

ನಿಮ್ಮ,
ರಾಜಮ್ಮ


ಸ್ವಿಂಡನ್
19 ಮೇ 2025

ಪ್ರೀತಿಯ ರಾಜಮ್ಮ,

ಹುಡುಗ ನಿನ್ನೆ ಬಂದಿದ್ದ. ಹೇಳಿದ ಹೊತ್ತಿಗೆ ಸರಿಯಾಗಿ ಬಂದ, ಕೈಯಲ್ಲಿ ಚಾಕೊಲೇಟ್ ಡಬ್ಬ. ಮಗಳು ನ್ಯಾನ್ಸಿಯ ಮಕ್ಕಳನ್ನು ಮಾತಾಡಿಸಿದ. ‘ಮನೇಲೇ ಕೂತು ಏನ್ಮಾಡ್ತೀರಾ ಆಂಟಿ, ಬನ್ನಿ, ಒಂದು ಜಾಗ ತೋರಿಸ್ತೀನಿ’ ಎಂದು ಆರ್ಲ್‌ಕೋಂಬ್ ಎಂಬ ಹಳ್ಳಿಗೆ ಕರೆದುಕೊಂಡು ಹೋದ.

ಅಲ್ಲಿ ಟೆಂಟರ್ ರೋ ಎಂಬ ಒಂದು ಬೀದಿಯಿದೆ. ಹಿಂದೆ ಉಣ್ಣೆ ನೇಯುವವರು ಇದ್ದ ಬೀದಿಯಂತೆ, ಮುನ್ನೂರು ನಾನೂರು ವರ್ಷ ಹಳೆಯದು. ಜೇನಿನ ಬಣ್ಣದ ಕಲ್ಲಿನ ಗಿಡ್ಡ ಮನೆಗಳು ಒಂದಕ್ಕೊಂದು ಹೆಗಲು ತಾಗಿಸಿ ಇಳಿಜಾರಿನಲ್ಲಿ ನಿಂತಿವೆ. ಮಾಡಿಗೂ ಹಂಚಿನ ಬದಲು ಕಲ್ಲೇ. ಬಾಗಿಲುಗಳು ಎಷ್ಟು ತಗ್ಗು ಎಂದರೆ ನನ್ನಂಥ ಗಿಡ್ಡಿಯೂ ತಲೆ ಬಾಗಿಸಬೇಕು. ಪ್ರತಿ ಬಾಗಿಲಿನ ಪಕ್ಕ ಗುಲಾಬಿ ಬಳ್ಳಿ, ಕೆಳಗೆ ಸಣ್ಣ ಹೊಳೆ. ಕ್ಯಾಲೆಂಡರಿನಲ್ಲಿ ನೋಡುತ್ತೇವಲ್ಲ, ಹಾಗೆಯೇ. ಪ್ರವಾಸಿಗಳ ಬಸ್ಸು ಒಂದರ ಹಿಂದೆ ಒಂದು ಬರುತ್ತಿತ್ತು.

ಹುಡುಗ ಶುಚಿಯಾಗಿದ್ದಾನೆ. ಬಹಳ ಶುಚಿ. ಕಾರಿನೊಳಗೆ ಒಂದು ಕೂದಲು ಸಿಗಲಿಕ್ಕಿಲ್ಲ. ನೋಡಲಿಕ್ಕೂ ಚಂದ. ದೊಡ್ಡವರ ಎದುರು ಧ್ವನಿ ಏರಿಸುವವನಲ್ಲ.

ಪಾವನಾ ಒಮ್ಮೆ ತಾನೇ ಇಲ್ಲಿಗೆ ಬಂದು, ನಮ್ಮ ಮನೆಯಲ್ಲಿ ಉಳಿದು, ಅವನ ಜೊತೆ ನಾಲ್ಕು ಕಡೆ ತಿರುಗಾಡಿ ನೋಡುವುದು ಒಳ್ಳೆಯದು. ಅವಸರ ಬೇಡ.

ಮೈ ಸ್ವಲ್ಪ ಸರಿಯಿಲ್ಲ. ಹೆಚ್ಚು ಬರೆಯುವುದಿಲ್ಲ.

ಬ್ರಿಜಿಟ್


ರಿಗ್ಗೈ
22 ಮೇ 2025

ಪ್ರೀತಿಯ ಬ್ರಿಜಿಟಕ್ಕ,

ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ‘ಬಹಳ ಶುಚಿ’ ಎಂದು ನೀವು ಬರೆದದ್ದನ್ನು ನಮ್ಮವರಿಗೆ ಎರಡೆರಡು ಸಲ ಓದಿ ಹೇಳಿದೆ. ಆಯುಷ್ಯವೆಲ್ಲ ಆಸ್ಪತ್ರೆಯಲ್ಲಿ ಕಳೆದವರು ಒಬ್ಬನನ್ನು ಶುಚಿ ಎಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೇ? ನನಗೆ ಕೊಳಕು ಕಂಡರಾಗದು, ಅಳಿಯನೂ ನನ್ನ ಹಾಗೆಯೇ ಸಿಕ್ಕನಲ್ಲ.

ಆದರೆ ನೀವು ಒಂದು ದೊಡ್ಡ ಸಂಗತಿಯನ್ನೇ ಬರೆಯಲಿಲ್ಲ. ನಿನ್ನೆ ಅವನ ಸೋದರಮಾವ ಮನೆಗೆ ಬಂದು ಹೇಳಿದ ಮೇಲೆ ಗೊತ್ತಾಯಿತು. ಆ ಬೀದಿಯಲ್ಲಿ ಒಬ್ಬ ಮುದುಕ ತನ್ನ ಮನೆಯೊಳಗೆ ಬಿದ್ದದ್ದನ್ನು ಕುಶಾಲ್ ಕಿಟಕಿಯಿಂದ ನೋಡಿ, ಓಡಿಹೋಗಿ ಎತ್ತಿ ಕೂರಿಸಿದನಂತೆ. ನೀವೂ ಜೊತೆಗಿದ್ದು ಕೈ ಹಾಕಿದಿರಂತೆ. ಗುರುತು ಪರಿಚಯವಿಲ್ಲದವರಿಗೆ ಇಷ್ಟು ಮಾಡುವವನು ನಾಳೆ ನಮ್ಮನ್ನು ನೋಡಿಕೊಳ್ಳುವುದಿಲ್ಲವೇ ಎಂದು ನಮ್ಮವರು ಕಣ್ಣೊರೆಸಿಕೊಂಡರು. ನೀವು ಯಾಕೆ ಬರೆಯಲಿಲ್ಲ? ಹೊಗಳಿದರೆ ದೃಷ್ಟಿಯಾಗುತ್ತದೆ ಎಂದೇ?

ಪಾವನಾ ಅಲ್ಲಿಗೆ ಬರುವುದೆಲ್ಲ ಈಗ ಬೇಕಾಗಿಲ್ಲ. ಸೆಪ್ಟೆಂಬರಿನಲ್ಲಿ ಕುಶಾಲ್ ಇಲ್ಲಿಗೇ ಬರುತ್ತಾನೆ, ಅವನ ತಾಯಿ ಮೈಸೂರಿನಿಂದ ಬರುತ್ತಾರೆ. ಆಗಲೇ ನಿಶ್ಚಿತಾರ್ಥ ಎಂದು ಮಾತಾಯಿತು.

ನಿಮ್ಮ,
ರಾಜಮ್ಮ


ಸ್ವಿಂಡನ್
25 ಮೇ 2025

ರಾಜಮ್ಮ,

ನಿಮ್ಮ ಕಾಗದ ಓದಿದೆ. ನನಗೆ ಬಂದದ್ದು ಬರೀ ಸಿಟ್ಟಲ್ಲ, ಹೇಸಿಗೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದುವಾಗ ನಿಮಗೂ ಕಷ್ಟವಾದೀತು.

ಆ ಬೀದಿ ಚಂದ ಎಂದು ಬರೆದಿದ್ದೆ, ಅದು ಸುಳ್ಳಲ್ಲ. ಆದರೆ ಅಲ್ಲಿ ಜನ ಹೇಗಿದ್ದರು ಎಂದು ಬರೆದಿರಲಿಲ್ಲ. ಯಾರದೋ ಹೊಸ್ತಿಲ ಮೇಲೆ ಕೂತು ಯಾರೋ ತಿನ್ನುತ್ತಿದ್ದರು, ತಿಂದ ಕಾಗದವನ್ನು ಅಲ್ಲೇ ಗುಲಾಬಿಯ ಬುಡಕ್ಕೆ ತುರುಕಿದರು. ಮಗುವಿನ ಹೇಲಿನ ಡೈಪರನ್ನು ಮಡಚಿ ಗೋಡೆಯ ಸಂದಿಗೆ ಸಿಕ್ಕಿಸಿದ್ದರು, ನೊಣ ಮುತ್ತಿತ್ತು. ಒಬ್ಬ ಗಂಡಸು ಓಣಿಯ ಗೋಡೆಗೆ ಮುಖ ಮಾಡಿ ನಿಂತಿದ್ದವನು, ಜಿಪ್ ಎಳೆದುಕೊಳ್ಳುತ್ತಾ ಬಂದು ಅದೇ ಕೈಯಲ್ಲಿ ಹೆಂಡತಿಯ ಗಲ್ಲ ಹಿಡಿದು ಫೋಟೋಕ್ಕೆ ಸರಿಮಾಡಿದ. ಎಲ್ಲರ ಮುಖದಲ್ಲೂ ಏನು ಚಂದ, ಏನು ಚಂದ ಎಂಬ ನಗು.

ಒಂದು ಮನೆಯ ಕಿಟಕಿಯಲ್ಲಿ ಕೈಬರಹದ ಹಲಗೆಯಿತ್ತು. ಇಲ್ಲಿ ಜನ ವಾಸವಾಗಿದ್ದಾರೆ, ದಯವಿಟ್ಟು ಇಣುಕಬೇಡಿ ಎಂದು. ಕುಶಾಲ್ ಅದನ್ನು ಗಟ್ಟಿಯಾಗಿ ಓದಿ ನಕ್ಕು, ಅದೇ ಗಾಜಿಗೆ ಹಣೆ ಒತ್ತಿದ. ‘ಆಂಟಿ, ಒಳಗೊಬ್ಬ ಅಜ್ಜ ಇದಾನೆ. ಬನ್ನಿ, ಮ್ಯೂಸಿಯಂ ಥರಾ ಇದೆ’ ಎಂದ. ನಾನೂ ಹೋಗಿ ಇಣುಕಿದೆ. ಅದನ್ನೂ ಬರೆಯಬೇಕು.

ಮುದುಕ ಮೇಲೆ ಸ್ವೆಟರ್ ಹಾಕಿದ್ದ, ಪ್ಯಾಂಟು ಮೊಣಕಾಲಿನ ಕೆಳಗಿತ್ತು. ಕುರ್ಚಿಯಲ್ಲೇ ಎಲ್ಲ ಆಗಿಹೋಗಿತ್ತು. ಪತ್ರಿಕೆಯ ಹಾಳೆಯಿಂದ ಒರೆಸಿಕೊಳ್ಳಲು ನೋಡುತ್ತಿದ್ದ. ತಲೆ ಎತ್ತಿದಾಗ ಗಾಜಿನಲ್ಲಿ ನಮ್ಮ ಮುಖ ಕಂಡಿತು. ಪರದೆ ಎಳೆಯಲು ಎದ್ದ. ಪ್ಯಾಂಟು ಕಾಲಿಗೆ ತೊಡರಿ ಮುಖ ಅಡಿಯಾಗಿ ಬಿದ್ದ.

ಕುಶಾಲ್ ಆಗಲೇ ಫೋನೆತ್ತಿ ವಿಡಿಯೋ ತೆಗೆಯುತ್ತಿದ್ದ, ಇಳಿಸಲಿಲ್ಲ. ‘ಅಯ್ಯೋ, ಬಿದ್ದೇ ಹೋದ’ ಎಂದು ಕಿಸಕ್ಕನೆ ನಕ್ಕ. ಗಾಬರಿಯಾದಾಗ ಕೆಲವರಿಗೆ ನಗು ಬರುವುದುಂಟು, ಆಸ್ಪತ್ರೆಯಲ್ಲಿ ನೋಡಿದ್ದೇನೆ. ಇದು ಆ ನಗುವಲ್ಲ. ಅವನು ಫೋನನ್ನು ಅಡ್ಡಕ್ಕೆ ತಿರುಗಿಸಿ ಹಿಡಿದ, ಚಿತ್ರ ಅಗಲಕ್ಕೆ ಬರಲಿ ಎಂದು.

ನಾನು ಬಾಗಿಲು ತಳ್ಳಿದೆ. ಚಿಲಕ ಹಾಕಿರಲಿಲ್ಲ.

‘ಬೇಡ ಆಂಟಿ, ಪೊಲೀಸ್ ಕೇಸ್ ಆಗ್ಬಿಡುತ್ತೆ. ಬನ್ನಿ ಹೋಗೋಣ.’

‘ನೀನು ಬಾ. ಒಬ್ಬಳಿಂದ ಎತ್ತಲಿಕ್ಕೆ ಆಗುದಿಲ್ಲ.’

ಅವನು ಬರಲಿಲ್ಲ. ನಾನು ಹೋದೆ. ಹೊರಗಿನ ಗುಲಾಬಿಯ ಪರಿಮಳ ಹೊಸ್ತಿಲಿಗೇ ನಿಂತುಹೋಗಿತ್ತು, ಒಳಗೆ ಎಷ್ಟೋ ದಿನದ ಮೂತ್ರದ ವಾಸನೆ. ಮುದುಕನ ತುಟಿ ಒಡೆದು ರಕ್ತ ಬರುತ್ತಿತ್ತು. ಎತ್ತು ಎನ್ನಲಿಲ್ಲ ಅವನು. ‘ಪರದೆ, ಮೊದಲು ಪರದೆ’ ಎಂದ. ಪರದೆ ಎಳೆಯಲು ಕಿಟಕಿಗೆ ಹೋದರೆ ಗಾಜಿನ ಆಚೆ ಐದಾರು ಜನ ಸೇರಿದ್ದರು. ಎಳೆದ ಕೂಡಲೇ ಹೊರಗೆ ಯಾರೋ ‘ಓ’ ಎಂದರು, ಸಿನೆಮಾದ ನಡುವೆ ಕರೆಂಟು ಹೋದಾಗ ಅನ್ನುತ್ತಾರಲ್ಲ, ಹಾಗೆ.

ಒರೆಸಿದೆ. ಕಂಬಳಿ ಹೊದಿಸಿದೆ. ಪಕ್ಕದ ಮನೆಯ ಹೆಂಗಸು ಓಡಿ ಬಂದು ಆಂಬುಲೆನ್ಸಿಗೆ ಫೋನು ಮಾಡಿದಳು. ನಡೆದದ್ದು ಇಷ್ಟು. ಇದರಲ್ಲಿ ನಾನು ಮಾಡಿದ್ದು ದೊಡ್ಡದೇನಲ್ಲ, ಯಾರಾದರೂ ಮಾಡಬಹುದಾದದ್ದು. ಕುಶಾಲ್ ಆ ಮನೆಯ ಹೊಸ್ತಿಲು ದಾಟಲಿಲ್ಲ.

ಕಾರಿನ ಹತ್ತಿರ ಬಂದಾಗ ಅವನು ನನ್ನ ಸೀಟಿನ ಮೇಲೆ ಕಸದ ಚೀಲ ಹರಡುತ್ತಿದ್ದ. ‘ಬೇಜಾರು ಮಾಡ್ಕೋಬೇಡಿ ಆಂಟಿ, ಲೆದರ್ ಸೀಟು’ ಎಂದ. ಕಿಟಕಿಗಳನ್ನೆಲ್ಲ ಇಳಿಸಿದ. ದಾರಿಯಲ್ಲಿ ಕೇಳಿದ:

‘ಪಾವನಾನ ಚಿಕ್ಕೋಳಿದ್ದಾಗ ನೀವೇ ನೋಡ್ಕೋತಿದ್ರಂತೆ, ಹೌದಾ?’

‘ಹೌದು. ಅವಳಮ್ಮನಿಗೆ ಟೈಫಾಯ್ಡ್ ಆದಾಗ ನನ್ನ ಹತ್ತಿರವೇ ಇದ್ದಳು.’

ಕಣ್ಣು ಹೊರಳಿಸಿ ನನ್ನ ಕೈ ನೋಡಿದ. ಆಮೇಲೆ, ‘ಇದೇ ಕೈಲಿ ಊಟ ಮಾಡಿಸ್ತಿದ್ರಾ?’ ಎಂದ. ತಮಾಷೆ ಎಂದು ತೋರಿಸಲು ನಕ್ಕ.

ಮನೆಯ ಮುಂದೆ ಇಳಿಸುವಾಗ, ‘ಇದೆಲ್ಲ ಕುವೈತಲ್ಲಿ ಹೇಳೋದು ಬೇಡ ಅಲ್ವಾ ಆಂಟಿ’ ಎಂದು ಕೈ ಮುಗಿದ.

ಮೊದಲ ಕಾಗದದಲ್ಲಿ ನಾನು ಬರೆಯಲಿಲ್ಲ. ಒಂದು ದಿನದ ನಡತೆ ನೋಡಿ ಒಬ್ಬಳ ಮದುವೆ ಮುರಿಯುವುದೇ ಎಂದು ಹಿಂಜರಿದೆ. ಶುಚಿ ಎಂಬ ಮಾತನ್ನು ಎರಡು ಸಲ ಬರೆದರೆ ನಿಮಗೆ ಸಂಶಯ ಬಂದೀತು ಎಂದುಕೊಂಡೆ. ನೀವು ಅದನ್ನು ಹೊಗಳಿಕೆ ಮಾಡಿಕೊಂಡಿರಿ. ಈಗ ಅವನು ನಾನು ಎತ್ತಿದ ಮುದುಕನನ್ನು ತಾನು ಎತ್ತಿದೆ ಎನ್ನುತ್ತಿದ್ದಾನೆ.

ಈ ಕಾಗದವನ್ನು ಪಾವನಾಗೆ ತೋರಿಸಿ. ತೀರ್ಮಾನ ಅವಳದ್ದು.

ಬ್ರಿಜಿಟ್


ರಿಗ್ಗೈ
3 ಜೂನ್ 2025

ಶ್ರೀಮತಿ ಬ್ರಿಜಿಟ್ ಪಾಯಸ್ ಅವರಿಗೆ,

ನಿಮ್ಮ ಕಾಗದ ತಲುಪಿತು. ನಮ್ಮವರಿಗೆ ವಿಷಯ ತಿಳಿಸಿದೆ. ಅವರು ಕುಶಾಲ್‌ಗೆ ಫೋನು ಮಾಡಿ ಕೇಳಿದರು. ಅವನು ಒಂದು ಕೆಟ್ಟ ಮಾತಾಡಲಿಲ್ಲ. ‘ಆಂಟಿಗೆ ವಯಸ್ಸಾಯ್ತು ಅಂಕಲ್, ಅವತ್ತು ಗಾಬರಿಯಾಗಿದ್ರು, ಏನೋ ಕನ್‌ಫ್ಯೂಸ್ ಮಾಡ್ಕೊಂಡಿದಾರೆ’ ಎಂದಷ್ಟೇ ಹೇಳಿದನಂತೆ. ನಿಮ್ಮ ಮೇಲೆ ಬೇಸರವಿಲ್ಲ ಎಂದೂ ಹೇಳಿದನಂತೆ. ಯಾರು ದೊಡ್ಡವರು ಎಂದು ನೀವೇ ಯೋಚಿಸಿ.

ಮೊದಲ ಕಾಗದದಲ್ಲಿ ಹೊಗಳಿ, ಮದುವೆ ಗಟ್ಟಿಯಾಯಿತು ಎಂದ ಕೂಡಲೇ ಹೀಗೆ ಬರೆದದ್ದು ಯಾಕೆ ಎಂದು ನನಗೆ ಮೊದಲು ತಿಳಿಯಲಿಲ್ಲ. ನಮ್ಮವರು ಹೇಳಿದ ಮೇಲೆ ತಿಳಿಯಿತು. ಜೋಸ್ವಿನ್ ತಪ್ಪದೆ ನಮ್ಮ ಮನೆಗೆ ಬರುವುದು, ಪಾವನಾ ಅಲ್ಲಿಗೇ ಬಂದು ನಿಮ್ಮ ಮನೆಯಲ್ಲಿ ಉಳಿಯಲಿ ಎಂದು ನೀವು ಬರೆದದ್ದು, ಎಲ್ಲ ಸೇರಿಸಿ ನೋಡಿದೆ. ಅವಳನ್ನು ಸೊಸೆ ಮಾಡಿಕೊಳ್ಳುವ ಆಸೆ ಇದ್ದರೆ ನೇರವಾಗಿ ಕೇಳಬಹುದಿತ್ತು. ಆಗುವುದಿಲ್ಲ ಎಂದು ಮರ್ಯಾದೆಯಿಂದ ಹೇಳುತ್ತಿದ್ದೆ. ಅದು ಬಿಟ್ಟು ಮುದುಕನ ಮಲಮೂತ್ರವನ್ನೆಲ್ಲ ಕಾಗದದಲ್ಲಿ ತುಂಬಿ ಕಳಿಸಿದಿರಲ್ಲ, ಹೇಸಿಗೆಯಾಯಿತು.

ಆ ಕಾಗದವನ್ನು ಪಾವನಾಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ. ನೀವೂ ಅವಳಿಗೆ ಏನೂ ಬರೆಯಬೇಡಿ.

ರಾಜಮ್ಮ ಶ್ಯಾಮಸುಂದರ್


ಸ್ವಿಂಡನ್
7 ಜೂನ್ 2025

ರಾಜಮ್ಮ,

ಜೋಸ್ವಿನ್ ನಿನ್ನೆ ಫೋನು ಮಾಡಿದ್ದ. ಊಟಕ್ಕೆಂದು ಬಂದವನನ್ನು ಶ್ಯಾಮಸುಂದರ್ ಬಾಗಿಲಲ್ಲೇ ನಿಲ್ಲಿಸಿ, ಇನ್ನು ಮೇಲೆ ಬರುವುದು ಬೇಡ ಎಂದರಂತೆ. ‘ನಾನು ಎಂತ ತಪ್ಪು ಮಾಡಿದೆ ಅಮ್ಮ’ ಎಂದು ಕೇಳಿದ. ನೀನೇನೂ ಮಾಡಿಲ್ಲ ಎಂದು ಫೋನು ಇಟ್ಟೆ.

ಅವನಿಗೆ ಅಲ್ಲೇ ಕುವೈತಿನ ಮೈದಾನ್ ಹವಲ್ಲಿಯ ಬ್ರೆಂಡಾ ಎಂಬ ಹುಡುಗಿ ನಿಶ್ಚಯವಾಗಿದ್ದಾಳೆ. ಜನವರಿಯಲ್ಲಿ ಮದುವೆ. ನಿಮಗೆ ಎಲ್ಲರಿಗಿಂತ ಮೊದಲು ಹೇಳಬೇಕು, ಸುದ್ದಿಯ ಜೊತೆ ಒಂದು ಸೀರೆಯನ್ನೂ ಕಳಿಸಬೇಕು ಎಂದು ಇಟ್ಟುಕೊಂಡಿದ್ದೆ.

ಹೇಸಿಗೆ ಎಂದು ಬರೆದಿರಿ. ನೀವು ಕಾಯಿಲೆ ಬಿದ್ದಾಗ ನಿಮ್ಮದನ್ನೂ ಒರೆಸಿದ್ದೇನೆ, ಆಗ ನನಗೆ ಹಾಗನ್ನಿಸಿರಲಿಲ್ಲ. ಈಗ ಅನ್ನಿಸುತ್ತಿದೆ. ಪಾವನಾಗೆ ನಾನು ಬರೆಯುವುದಿಲ್ಲ, ಅವಳು ನಿಮ್ಮ ಮಗಳು. ನಿಮಗೂ ಇನ್ನು ಬರೆಯುವುದಿಲ್ಲ.

ಬ್ರಿಜಿಟ್


ರಿಗ್ಗೈ
14 ಸೆಪ್ಟೆಂಬರ್ 2025

ಬ್ರಿಜಿಟಕ್ಕ,

ಹೀಗೆ ಕರೆಯುವ ಯೋಗ್ಯತೆ ಉಳಿದಿದೆಯೋ ಇಲ್ಲವೋ, ಬೇರೆ ಹೇಗೆ ಕರೆಯಬೇಕೆಂದು ತಿಳಿಯದು. ದಯವಿಟ್ಟು ಅಳಿಸದೆ ಓದಿ.

ಕಳೆದ ವಾರ ಅವರು ಬಂದರು. ಶನಿವಾರ ನಿಶ್ಚಿತಾರ್ಥ, ಶುಕ್ರವಾರ ನಮ್ಮ ಮನೆಯಲ್ಲಿ ಊಟ. ಫರ್ವಾನಿಯಾದಿಂದ ಬಾಳೆಲೆ ತರಿಸಿ, ಬೆಳಿಗ್ಗೆಯಿಂದ ನಿಂತು ಒಬ್ಬಟ್ಟು ಮಾಡಿದ್ದೆ. ಕುಶಾಲ್, ಅವನ ತಾಯಿ, ಸೋದರಮಾವ, ನಾವು ಮೂವರು. ಊಟದ ನಡುವೆ ಮಾವ, ‘ಇಂಗ್ಲೆಂಡ್ ಹೇಗಿದೆ ಅಂತ ಇವರಿಗೂ ತೋರಿಸೋ’ ಎಂದರು. ಕುಶಾಲ್ ಟೀವಿಯಲ್ಲಿ ಆ ಬೀದಿಯ ಫೋಟೋ ಹಾಕಿದ. ನೀವು ಬರೆದ ಹಾಗೆಯೇ ಇತ್ತು, ಜೇನಿನ ಬಣ್ಣದ ಮನೆಗಳು, ಗುಲಾಬಿ. ಮದುವೆಯಾದ ಮೇಲೆ ಮಗಳ ಜೊತೆ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂದು ನಾನು ಅಂದುಕೊಂಡೆ.

ಆಗ ಅವನ ತಾಯಿ, ‘ಆ ಅಜ್ಜಂದು ತೋರ್ಸೋ, ನಕ್ಕು ನಕ್ಕು ಸಾಕಾಗಿತ್ತು ನಮಗೆ’ ಎಂದರು. ‘ಬೇಡ ಬಿಡಮ್ಮ, ಊಟದ ಹೊತ್ತು’ ಎಂದ ಅವನು. ‘ನನ್ನ ಫೋನಲ್ಲೇ ಇದೆ’ ಎಂದು ಆಕೆ ತಮ್ಮನ ಕೈಗೆ ಕೊಟ್ಟರು. ಅವರು ಟೀವಿಗೆ ಹಾಕಿಯೇಬಿಟ್ಟರು.

ಮುದುಕ ಏಳುವುದಕ್ಕೂ ಬೀಳುವುದಕ್ಕೂ ಕುಶಾಲ್ ಕೋಳಿ ಕೂಗುವ ಸದ್ದು ಸೇರಿಸಿದ್ದ. ತಾಯಿ ನಕ್ಕರು, ಮಾವ ಎಲೆಯ ಮೇಲೆ ಕೈಯಿಟ್ಟು ನಕ್ಕರು. ನಾನು ‘ಥೂ’ ಎಂದು ಮುಖ ತಿರುಗಿಸಿದೆ, ಆದರೂ ನಕ್ಕೆ. ಬೀಗರು ನಗುವಾಗ ಸುಮ್ಮನಿರಬಾರದು ಎಂದು ನಕ್ಕೆನೋ, ನಗು ಬಂದೇ ನಕ್ಕೆನೋ, ಈಗಲೂ ಗೊತ್ತಿಲ್ಲ. ನೀವು ಬರೆದದ್ದೆಲ್ಲ ಓದಿದ್ದವಳು ನಾನು. ಅಷ್ಟರಲ್ಲಿ ನಿಮ್ಮ ಬೆನ್ನು ಕಂಡಿತು. ನೀವು ಮಂಡಿಯೂರಿ ಕೂತಿರಿ, ಎದ್ದು ಕಿಟಕಿಯ ಹತ್ತಿರ ಬಂದಿರಿ. ಟೀವಿಯ ಅಗಲಕ್ಕೂ ನಿಮ್ಮ ಮುಖ. ನನ್ನನ್ನೇ ನೋಡಿದ ಹಾಗಿತ್ತು. ಪರದೆ ಎಳೆದಿರಿ. ನಾನು ನಕ್ಕ ಬಾಯಿ ಇನ್ನೂ ಮುಚ್ಚಿರಲಿಲ್ಲ.

ಪಾವನಾ ಮಾತ್ರ ನಕ್ಕಿರಲಿಲ್ಲ. ಅವಳು ಕೇಳಿದಳು: ‘ನೀವು ಎತ್ತಿ ಕೂರಿಸಿದ್ರಿ ಅಂತ ಅಂಕಲ್ ಹೇಳಿದ್ರಲ್ಲ. ಅದೆಲ್ಲಿದೆ?’

‘ಹೇಗಿರುತ್ತೆ? ನಾನು ಶೂಟ್ ಮಾಡ್ತಿದ್ದೆ ಅಲ್ವಾ’ ಎಂದ ಕುಶಾಲ್.

ಅವಳು ನನ್ನ ಕಡೆ ತಿರುಗಿ, ‘ಅಮ್ಮ, ನಿಂಗೆ ಗೊತ್ತಿತ್ತಾ?’ ಎಂದಳು.

‘ಇಲ್ಲ’ ಎಂದೆ.

ಕುಶಾಲ್ ಮಧ್ಯೆ ಬಾಯಿ ಹಾಕಿದ. ‘ಜೂನಲ್ಲೇ ಅಂಕಲ್ ಫೋನ್ ಮಾಡಿ ಕೇಳಿದ್ರಲ್ಲ ಆಂಟಿ, ಬ್ರಿಜಿಟ್ ಆಂಟಿ ಏನೋ ಬರೆದಿದಾರೆ ಅಂತ. ಎಲ್ಲ ಗೊತ್ತಿರೋ ವಿಷಯಾನೇ ಇದು. ಈಗ್ಯಾಕೆ ದೊಡ್ಡದು ಮಾಡ್ತೀರಾ?’

ಪಾವನಾ ಎಲೆ ಬಿಟ್ಟು ಎದ್ದಳು. ಕೈ ತೊಳೆದಳು. ಒಳಗೆ ಹೋಗಿ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಬಂದು, ‘ಮದುವೆ ಇಲ್ಲ’ ಎಂದು ಅವನಿಗೆ ಹೇಳಿ, ನನಗೆ ಏನೂ ಹೇಳದೆ ಹೋದಳು. ಬ್ಯಾಂಕಿನಲ್ಲಿ ಅವಳ ಜೊತೆ ಕೆಲಸ ಮಾಡುವ ಫಿದಾಳ ಮನೆಯಲ್ಲಿದ್ದಾಳೆ, ಮೈದಾನ್ ಹವಲ್ಲಿಯಲ್ಲಿ. ನನ್ನ ಫೋನು ತೆಗೆಯುವುದಿಲ್ಲ. ನಮ್ಮವರು, ನೀನೇ ಎಲ್ಲ ಹಾಳು ಮಾಡಿದೆ ಎನ್ನುತ್ತಾರೆ. ಸೋದರಮಾವನಿಗೆ ಹೇಗೆ ಮುಖ ತೋರಿಸಲಿ ಎಂಬುದೊಂದೇ ಅವರ ಚಿಂತೆ.

ಆ ಎಲೆಗಳನ್ನು ನಾನೊಬ್ಬಳೇ ಎತ್ತಿದೆ. ಅರ್ಧ ತಿಂದ ಒಬ್ಬಟ್ಟು, ಅದರ ಮೇಲೆ ತುಪ್ಪ ಹೆಪ್ಪುಗಟ್ಟಿತ್ತು. ಎತ್ತುವಾಗ ವಾಂತಿಯಾಯಿತು. ಅಂದಿನಿಂದ ನನ್ನ ಬಾಯಿಯೇ ನನಗೆ ನಾರುತ್ತದೆ.

ಪಾವನಾ ನಿಮ್ಮ ಮಾತು ಕೇಳುತ್ತಾಳೆ. ಅಮ್ಮನ ಹತ್ತಿರ ಹೋಗು ಎಂದು ಅವಳಿಗೆ ಒಂದು ಮಾತು ಹೇಳುತ್ತೀರಾ?

ರಾಜಮ್ಮ


ಸ್ವಿಂಡನ್
18 ಸೆಪ್ಟೆಂಬರ್ 2025

ರಾಜಮ್ಮ,

ನಕ್ಕದ್ದನ್ನು ನೀವು ಬರೆಯದಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ಬರೆದಿರಿ. ಅಷ್ಟಕ್ಕಾಗಿ ಈ ಉತ್ತರ.

ನನ್ನ ಮುಖ ನಿಮ್ಮ ಮನೆಯ ಟೀವಿಯಲ್ಲಿ, ಊಟದ ನಡುವೆ, ಕೋಳಿ ಕೂಗಿನ ಜೊತೆ ಬಂತು ಎಂದು ಓದಿ ಕೈ ತೊಳೆದುಕೊಂಡು ಬಂದೆ. ಯಾಕೆ ತೊಳೆದೆ ಎಂದು ಗೊತ್ತಿಲ್ಲ.

ಪಾವನಾಗೆ ನಾನು ಏನೂ ಹೇಳುವುದಿಲ್ಲ. ನೀವು ಆಡಿದ ಸುಳ್ಳನ್ನು ನಾನು ಒರೆಸಲಿಕ್ಕೆ ಆಗುವುದಿಲ್ಲ. ನೀವೇ ಹೋಗಿ. ತಿಂಡಿ ಕಟ್ಟಿಕೊಂಡು ಹೋಗಬೇಡಿ, ಅಳಬೇಡಿ. ನನ್ನ ಮೇ ತಿಂಗಳ ಕಾಗದವನ್ನು ಅವಳಿಗೆ ಓದಿ ಹೇಳಿ. ಜೋಸ್ವಿನ್ ಬಗ್ಗೆ ನೀವು ಬರೆದದ್ದನ್ನೂ ಓದಿ ಹೇಳಿ. ಅದಕ್ಕೂ ಮೊದಲು ಜೋಸ್ವಿನ್ ಹತ್ತಿರ ಹೋಗಿ.

ಆ ಮುದುಕನನ್ನು ನೋಡಲು ಜುಲೈಯಲ್ಲಿ ಬಸ್ಸು ಹಿಡಿದು ಹೋಗಿದ್ದೆ. ಬಾಗಿಲು ತಟ್ಟಿದೆ. ತೆರೆದ. ಅಂದು ಬಂದವಳು ನಾನೇ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಮತ್ತೆ ನೋಡಲು ಬಂದೆಯಾ? ಇನ್ನೂ ಸಾಲಲಿಲ್ಲವಾ?’ ಎಂದು ಬಾಗಿಲು ಹಾಕಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಒಂದು ಬಸ್ಸಿನ ತುಂಬ ಜನ ನನ್ನ ಹಿಂದೆ ನಿಂತು ಫೋಟೋ ತೆಗೆಯುತ್ತಿದ್ದರು. ಅವನಿಗೆ ಅವರಿಗೂ ನನಗೂ ವ್ಯತ್ಯಾಸ ಕಾಣಲಿಲ್ಲ. ಅಂದು ಗಾಜಿಗೆ ಒತ್ತಿದ ಮುಖಗಳಲ್ಲಿ ನನ್ನದೂ ಇತ್ತಲ್ಲ, ಅದನ್ನೇ ಅವನು ನೆನಪಿಟ್ಟುಕೊಂಡದ್ದು.

ಬ್ರಿಜಿಟ್


ರಿಗ್ಗೈ
29 ಸೆಪ್ಟೆಂಬರ್ 2025

ಬ್ರಿಜಿಟಕ್ಕ,

ಹೋಗಿ ಬಂದೆ. ನಮ್ಮವರು ಕಾರು ತೆಗೆಯಲಿಲ್ಲ, ಬಸ್ಸಿನಲ್ಲೇ ಹೋದೆ.

ಮೊದಲು ಫರ್ವಾನಿಯಾ, ಜೋಸ್ವಿನ್ ರೂಮಿಗೆ. ಬಾಗಿಲಲ್ಲೇ ನಿಂತು, ನಿನ್ನ ಬಗ್ಗೆ ಕೊಳಕು ಯೋಚನೆ ಮಾಡಿದೆ, ಅದನ್ನು ನಿಮ್ಮಮ್ಮನಿಗೆ ಬರೆದೆ ಎಂದೆ. ಅವನಿಗೆ ಏನು ಎಂದು ಗೊತ್ತಿರಲಿಲ್ಲ. ನೀವು ಹೇಳಿರಲಿಲ್ಲ. ಹೇಳಿದೆ. ಅವನ ಕಿವಿ ಕೆಂಪಾಯಿತು. ‘ಪಾವನಾ ನನ್ನ ತಂಗಿ ಹಾಗೆ ಅಲ್ವಾ ಆಂಟಿ’ ಎಂದ. ಒಳಗೆ ಬನ್ನಿ ಎನ್ನಲು ಬಹಳ ಹೊತ್ತು ತೆಗೆದುಕೊಂಡ. ಆದರೂ ಕರೆದ. ಬ್ರೆಂಡಾ ಇದ್ದಳು, ಚಹಾ ಕೊಟ್ಟಳು. ಇಬ್ಬರ ಎದುರು ಕೂತು ಅದನ್ನು ನುಂಗುವುದು ಕಷ್ಟವಾಯಿತು. ನುಂಗಿದೆ.

ಮರುದಿನ ಪಾವನಾ ಹತ್ತಿರ ಹೋದೆ. ಫಿದಾ ನಮ್ಮಿಬ್ಬರನ್ನು ಬಿಟ್ಟು ಒಳಗೆ ಹೋದಳು. ಎರಡೂ ಕಾಗದ ಓದಿ ಹೇಳಿದೆ. ಅವಳು ಕೂರಲಿಲ್ಲ, ನಿಂತೇ ಕೇಳಿದಳು. ‘ಇದೇ ಕೈಲಿ ಊಟ ಮಾಡಿಸ್ತಿದ್ರಾ’ ಎಂಬಲ್ಲಿ ಕಣ್ಣು ಮುಚ್ಚಿಕೊಂಡಳು. ಮುಗಿದ ಮೇಲೆ ಕೇಳಿದಳು:

‘ಅಮ್ಮ, ನಾನು ಅವನ ಜೊತೆ ಹೋಗಿ ಬದುಕಬೇಕಿತ್ತು. ಆದರೂ ಮುಚ್ಚಿಟ್ಟೆಯಲ್ಲ?’

‘ಇದೂ ಮುರಿದುಹೋಗುತ್ತೆ ಅಂತ ಭಯ ಆಯ್ತು ಕಣೇ’ ಎಂದೆ.

‘ಮುರಿದರೆ ಏನಾಗ್ತಿತ್ತು?’

ಅವಳು ಬಾಗಿಲು ತೆರೆದು ಹಿಡಿದು, ‘ಇವತ್ತು ಹೋಗು. ನಾನೇ ಫೋನ್ ಮಾಡ್ತೀನಿ’ ಎಂದಳು. ಮನೆಗೆ ಬರುತ್ತೇನೆ ಎನ್ನಲಿಲ್ಲ. ಫಿದಾಳ ಜೊತೆಯೇ ಇರುತ್ತಾಳಂತೆ, ಬಾಡಿಗೆ ಹಂಚಿಕೊಂಡು.

ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ನನ್ನ ಮೇಲಿನ ನಿಮ್ಮ ಹೇಸಿಗೆ ಹೋಯಿತೇ?

ರಾಜಮ್ಮ


ಸ್ವಿಂಡನ್
2 ಅಕ್ಟೋಬರ್ 2025

ಪ್ರೀತಿಯ ರಾಜಮ್ಮ,

ಇಲ್ಲ, ಹೋಗಿಲ್ಲ. ಹೋಯಿತೆಂದು ಬರೆದರೆ ನಿಮಗೆ ಸಮಾಧಾನವಾದೀತು, ಆದರೆ ಅದು ಸುಳ್ಳಾಗುತ್ತದೆ. ಕೆಲವು ದಿನ ಬೆಳಿಗ್ಗೆ ಏಳುವಾಗಲೇ ಇರುತ್ತದೆ, ಕೆಲವು ದಿನ ಮಧ್ಯಾಹ್ನದವರೆಗೆ ನೆನಪಾಗುವುದಿಲ್ಲ.

ಪಾವನಾ ಫೋನು ಮಾಡಿದರೆ ಅವಳೇ ಮಾತಾಡಲಿ, ನೀವು ಕೇಳಿ.

ಇಲ್ಲಿ ಚಳಿ ಶುರುವಾಗಿದೆ. ಹಗಲು ಉದ್ದಕ್ಕೂ ಮನೆಯಲ್ಲಿ ನಾನೊಬ್ಬಳೇ. ನೀವು ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ.

ಬ್ರಿಜಿಟ್